ಪರಿಷತ್ತು ಮಾಡುವ ನಿಯಮಕ್ಕೆ ಕಾವಲು ಯಾರದು? ಓದುಗರ ಪ್ರಶ್ನೆಗಳಿಗೆ ಉತ್ತರ

ಶಾಸನಸಭೆಯ ಹೊರಗಿರುವ ಪರಿಷತ್ತು, ಮಂಡಳಿ, ಆಯೋಗಗಳು ಮಾಡುವ ನಿಯಮಗಳ ಬಗ್ಗೆ ಬಂದ ಪತ್ರಗಳನ್ನು ಈ ಬಾರಿ ಒಂದೆಡೆ ಸೇರಿಸಿ ಉತ್ತರಿಸಲಾಗಿದೆ. ಬರೆದವರ ಹೆಸರುಗಳನ್ನು ಬಿಟ್ಟು ಊರಿನ ಹೆಸರನ್ನಷ್ಟೇ ಉಳಿಸಿಕೊಳ್ಳಲಾಗಿದೆ.

ಪ್ರಶ್ನೆ: ನನ್ನ ಹಿರಿಯ ಮಗ ಬೇರೆ ರಾಜ್ಯದಲ್ಲಿ ಕಾನೂನು ಓದಿ, 2019ರಲ್ಲಿ ಅಲ್ಲಿಯೇ ವಕೀಲನಾಗಿ ನೋಂದಾಯಿಸಿಕೊಂಡ. ಆಗ ಇಪ್ಪತ್ತು ಸಾವಿರದಷ್ಟು ಹಣ ಕಟ್ಟಿದ್ದೆವು. ಈಗ ಮಗಳು ಎಲ್‌ಎಲ್‌ಬಿ ಮುಗಿಸಿ ಸನದಿಗೆ (ವಕೀಲಿ ನಡೆಸುವ ಪರವಾನಗಿಗೆ) ಅರ್ಜಿ ಹಾಕುತ್ತಿದ್ದಾಳೆ. ಕಾಯ್ದೆಯ ಪ್ರಕಾರ ₹750 ಮಾತ್ರ ಎನ್ನುತ್ತಾರೆ. ಹಾಗಿದ್ದರೆ ಅಂದು ಅಷ್ಟು ಹಣವನ್ನು ಯಾವ ಅಧಿಕಾರದಿಂದ ಪಡೆದರು? ಅದನ್ನು ಮರಳಿ ಕೇಳಬಹುದೇ?
– ಓದುಗರು, ಹಾಸನ

ಉತ್ತರ: ತಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಚಿಕ್ಕದು, ಸಮಾಧಾನ ತರುವಂಥದ್ದಲ್ಲ: ಮರಳಿ ಕೇಳಲು ಬರುವುದಿಲ್ಲ. ಮೊದಲನೆಯದಕ್ಕೆ ವಿವರ ಬೇಕು.

1961ರ ವಕೀಲರ ಕಾಯ್ದೆಯ 24(1)(ಎಫ್) ಕಲಮಿನಂತೆ ನೋಂದಣಿ ಬಯಸುವವರು ರಾಜ್ಯ ವಕೀಲರ ಪರಿಷತ್ತಿಗೆ ₹600 ಮತ್ತು ಭಾರತೀಯ ವಕೀಲರ ಪರಿಷತ್ತಿಗೆ ₹150 ಕಟ್ಟಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಅಭ್ಯರ್ಥಿಗಳಿಗೆ ಇದು ಕ್ರಮವಾಗಿ ₹100 ಮತ್ತು ₹25. ಮುದ್ರಾಂಕ ಶುಲ್ಕವಿದ್ದರೆ ಅದು ಪ್ರತ್ಯೇಕ. ಈ ಮೊತ್ತಗಳು 1993ರ ತಿದ್ದುಪಡಿಯಲ್ಲಿ ಗೊತ್ತುಮಾಡಿದವು. ಆಮೇಲೆ ಸಂಸತ್ತು ಅವುಗಳನ್ನು ಮುಟ್ಟಲಿಲ್ಲ. ಇಷ್ಟು ವರ್ಷಗಳಲ್ಲಿ ಕಚೇರಿಯ ಬಾಡಿಗೆ, ಸಿಬ್ಬಂದಿಯ ಸಂಬಳ ಎಲ್ಲವೂ ಏರಿದ್ದರಿಂದ ರಾಜ್ಯ ಪರಿಷತ್ತುಗಳು ತಮ್ಮ ಠರಾವುಗಳ ಮೂಲಕವೇ ಗ್ರಂಥಾಲಯ ನಿಧಿ, ಕಲ್ಯಾಣ ನಿಧಿ, ಗುರುತಿನ ಚೀಟಿ, ತರಬೇತಿ, ಪ್ರಮಾಣಪತ್ರ ಎಂದು ಒಂದೊಂದೇ ಬಾಬತ್ತು ಸೇರಿಸುತ್ತ ಹೋದವು. ಒಟ್ಟು ಮೊತ್ತ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿ ₹15,000ದಿಂದ ₹42,000ದವರೆಗೂ ಬೆಳೆದಿತ್ತು.

2024ರ ಜುಲೈ 30ರಂದು ಗೌರವ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ತಡೆ ಹಾಕಿತು. ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಜೆ.ಬಿ. ಪಾರ್ದೀವಾಲಾ ಅವರ ಪೀಠದ ತರ್ಕ ಸರಳವಾಗಿದೆ. ಪರಿಷತ್ತಿನ ಅಧಿಕಾರ ಸಂಸತ್ತು ವಹಿಸಿಕೊಟ್ಟದ್ದು; ಶುಲ್ಕ ಎಷ್ಟೆಂಬುದನ್ನು ಸಂಸತ್ತೇ ಕಾಯ್ದೆಯಲ್ಲಿ ಬರೆದಿರುವಾಗ, ಅಧಿಕಾರ ವಹಿಸಿಕೊಂಡವರು ಅದನ್ನು ಬದಲಿಸಲಾರರು. ಮನೆಯ ಕೀಲಿಕೈ ಕೊಟ್ಟವರು ಮನೆಯನ್ನೇ ಬರೆದುಕೊಟ್ಟಂತಾಗುವುದಿಲ್ಲ. ಬಡ ಕುಟುಂಬದಿಂದ ಬಂದ ಪದವೀಧರರನ್ನು ವೃತ್ತಿಯ ಬಾಗಿಲಲ್ಲೇ ತಡೆಯುವ ಇಂಥ ಶುಲ್ಕ ಸಂವಿಧಾನದ 14ನೇ ವಿಧಿಯ ಸಮಾನತೆಗೂ 19(1)(ಜಿ) ವಿಧಿಯ ವೃತ್ತಿ ಸ್ವಾತಂತ್ರ್ಯಕ್ಕೂ ವಿರುದ್ಧವೆಂದು ಪೀಠ ಹೇಳಿತು. ಆದರೆ ತೀರ್ಪು ಮುಂದಿನ ನೋಂದಣಿಗಳಿಗಷ್ಟೇ ಅನ್ವಯಿಸುತ್ತದೆ, ಹಿಂದೆ ಪಡೆದ ಹೆಚ್ಚುವರಿ ಹಣವನ್ನು ಪರಿಷತ್ತುಗಳು ಮರಳಿಸಬೇಕಾಗಿಲ್ಲ ಎಂದೂ ಸ್ಪಷ್ಟಪಡಿಸಿತು. ಹೀಗಾಗಿ ಮಗನ ಹಣ ಹೋದ ಹಾಗೆಯೇ.

ಮಗಳ ವಿಷಯಕ್ಕೆ ಬಂದರೆ, 2025ರ ಆಗಸ್ಟ್‌ನಲ್ಲಿ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ಸಂಬಂಧಿಸಿದ ನ್ಯಾಯಾಂಗ ನಿಂದನೆ ಅರ್ಜಿಯೊಂದರಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಮಾತು ಸೇರಿಸಿದೆ. ಕಡ್ಡಾಯ ಶುಲ್ಕದ ಜೊತೆಗೆ ‘ಐಚ್ಛಿಕ’ ಎಂಬ ಹೆಸರಿನಲ್ಲಿಯೂ ನೋಂದಣಿಯ ವೇಳೆ ಹಣ ಪಡೆಯುವಂತಿಲ್ಲ, ಪಡೆಯುತ್ತಿದ್ದರೆ ನಿಲ್ಲಿಸಬೇಕು ಎಂಬುದು ಅದರ ಆದೇಶ. ಆದ್ದರಿಂದ ಮಗಳಿಗೆ ಯಾವ ಹೆಸರಿನ ಹೆಚ್ಚುವರಿ ರಸೀದಿ ಬಂದರೂ ಅದು ಕಾಯ್ದೆಯ ಯಾವ ಕಲಮಿನಡಿ ಎಂದು ಲಿಖಿತವಾಗಿ ಕೇಳಲು ಹೇಳಿ.

ಪ್ರಶ್ನೆ: ಕಾನೂನು ಮಾಡುವುದು ನಾವು ಆರಿಸಿ ಕಳಿಸಿದವರ ಕೆಲಸ. ಮತದಾರರಿಗೆ ಉತ್ತರ ಹೇಳಬೇಕಿಲ್ಲದ ಪರಿಷತ್ತುಗಳ ಕೈಗೆ ಅದನ್ನು ಕೊಡಲು ಸಂವಿಧಾನ ಒಪ್ಪುತ್ತದೆಯೇ?
– ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ಒಂದು ಮಿತಿಯೊಳಗೆ ಒಪ್ಪುತ್ತದೆ. ಗಣರಾಜ್ಯವಾದ ಮರುವರ್ಷವೇ, 1951ರಲ್ಲಿ, ರಾಷ್ಟ್ರಪತಿಗಳು ಇದೇ ಪ್ರಶ್ನೆಯನ್ನು ದೆಹಲಿ ಕಾನೂನುಗಳ ಕಾಯ್ದೆಯ ನೆಪದಲ್ಲಿ ಸುಪ್ರೀಂ ಕೋರ್ಟಿನ ಅಭಿಪ್ರಾಯಕ್ಕೆ ಕಳಿಸಿದ್ದರು. ಏಳು ನ್ಯಾಯಮೂರ್ತಿಗಳು ಕುಳಿತು ಏಳು ಬೇರೆ ಬೇರೆ ಅಭಿಪ್ರಾಯಗಳನ್ನು ಬರೆದರು. ಕಾನೂನು ವಿದ್ಯಾರ್ಥಿಗಳಿಗೆ ಇಂದಿಗೂ ತಲೆನೋವಾಗಿರುವ ತೀರ್ಪು ಅದು. ಆ ಏಳರಿಂದ ಹಿಂಡಿ ತೆಗೆದ ಸಾರವೇನೆಂದರೆ, ನೀತಿಯನ್ನು ನಿರ್ಧರಿಸುವ ಮೂಲ ಕೆಲಸವನ್ನು ಶಾಸಕಾಂಗ ಬಿಟ್ಟುಕೊಡುವಂತಿಲ್ಲ, ಅದನ್ನು ಜಾರಿಗೆ ತರಲು ಬೇಕಾದ ವಿವರಗಳನ್ನು ಬೇರೆಯವರಿಗೆ ವಹಿಸಬಹುದು. ಹೀಗೆ ವಹಿಸಿದ ಅಧಿಕಾರದಿಂದ ಹುಟ್ಟುವ ನಿಯಮ, ವಿನಿಯಮ, ಬೈಲಾಗಳನ್ನೇ ‘ಅಧೀನ ಶಾಸನ’ ಎನ್ನುತ್ತೇವೆ.

ದಾರಿಯನ್ನೇ ತೋರಿಸದೆ ಅಧಿಕಾರವನ್ನು ಮಾತ್ರ ಕೊಟ್ಟರೆ ನ್ಯಾಯಾಲಯ ಆ ಕಲಮನ್ನೇ ಹೊಡೆದುಹಾಕಬಹುದು. ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳನ್ನು ತಡೆಯುವ 1954ರ ಕಾಯ್ದೆಯಲ್ಲಿ, ಇನ್ನೂ ಯಾವ ಯಾವ ಕಾಯಿಲೆಗಳನ್ನು ಪಟ್ಟಿಗೆ ಸೇರಿಸಬೇಕೆಂಬುದನ್ನು ಯಾವ ಮಾನದಂಡವೂ ಇಲ್ಲದೆ ಸರ್ಕಾರಕ್ಕೆ ಬಿಟ್ಟಿದ್ದ ಭಾಗವನ್ನು 1960ರಲ್ಲಿ ಹಮ್‌ದರ್ದ್ ದವಾಖಾನೆಯ ಪ್ರಕರಣದಲ್ಲಿ ಹೀಗೆ ರದ್ದುಮಾಡಲಾಯಿತು. ನನ್ನ ಅಭಿಪ್ರಾಯದಲ್ಲಿ ನ್ಯಾಯಾಲಯಗಳು ಈ ಅಸ್ತ್ರವನ್ನು ಬಳಸಿದ್ದು ಬಹಳ ಕಡಿಮೆ. ಕಾಯ್ದೆಯ ಪೀಠಿಕೆಯಲ್ಲೋ ಉದ್ದೇಶಗಳ ಹೇಳಿಕೆಯಲ್ಲೋ ಒಂದು ಮಾರ್ಗದರ್ಶಿ ಸೂತ್ರವನ್ನು ಹುಡುಕಿ ಕೊಟ್ಟು ಕಾಯ್ದೆಯನ್ನು ಉಳಿಸಿದ ಸಂದರ್ಭಗಳೇ ಹೆಚ್ಚು. ಆದ್ದರಿಂದ ನಿಜವಾದ ಜಗಳ ನಡೆಯುವುದು ಅಧಿಕಾರವನ್ನು ಕೊಟ್ಟದ್ದು ಸರಿಯೇ ಎಂಬುದರ ಮೇಲಲ್ಲ. ಕೊಟ್ಟ ಅಧಿಕಾರವನ್ನು ಮೀರಿದರೇ ಎಂಬುದರ ಮೇಲೆ.

ಪ್ರಶ್ನೆ: ಮೀರಿದ್ದಾರೋ ಇಲ್ಲವೋ ಎಂಬುದನ್ನು ನ್ಯಾಯಾಲಯ ಹೇಗೆ ಅಳೆಯುತ್ತದೆ? ಸಾಧ್ಯವಾದರೆ ಒಂದೇ ಸಂಸ್ಥೆಯ ಉದಾಹರಣೆಗಳಿಂದ ತಿಳಿಸಿ.
– ಕಾನೂನು ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಕೇಳಿದ ರೀತಿ ಚೆನ್ನಾಗಿದೆ. ಭಾರತೀಯ ವಕೀಲರ ಪರಿಷತ್ತನ್ನೇ ತೆಗೆದುಕೊಳ್ಳೋಣ, ಏಕೆಂದರೆ ಅದರ ನಿಯಮಗಳು ಸೋತದ್ದೂ ಉಂಟು, ಗೆದ್ದದ್ದೂ ಉಂಟು.

ನಲವತ್ತೈದು ವರ್ಷ ದಾಟಿದವರನ್ನು ವಕೀಲರಾಗಿ ನೋಂದಾಯಿಸಕೂಡದೆಂದು ಪರಿಷತ್ತು ಒಮ್ಮೆ ನಿಯಮ ಮಾಡಿತ್ತು. ಸರ್ಕಾರಿ ನೌಕರಿಯಿಂದ ನಿವೃತ್ತರಾದವರು ಕರಿಕೋಟು ತೊಡುವುದನ್ನು ತಪ್ಪಿಸುವುದು ಅದರ ಹಿಂದಿನ ಆಲೋಚನೆ. ಪರಿಷತ್ತು ಆಸರೆ ಪಡೆದದ್ದು 49(1)(ಎಎಚ್) ಕಲಮಿನಲ್ಲಿ. ಅದು ವಕೀಲರು ವೃತ್ತಿ ನಡೆಸಲು ಇರಬೇಕಾದ ಷರತ್ತುಗಳ ಬಗ್ಗೆ ಹೇಳುತ್ತದೆ. 1995ರಲ್ಲಿ ಸುಪ್ರೀಂ ಕೋರ್ಟು ಕಲಮಿನ ಪದಗಳನ್ನು ಬಿಡಿಸಿ ನೋಡಿ, ಅದು ಈಗಾಗಲೇ ವಕೀಲರಾದವರಿಗೆ ಸಂಬಂಧಿಸಿದ್ದು, ವಕೀಲರಾಗಬೇಕೆಂದವರನ್ನು ಹೊರಗಿಡಲು ಅದರಲ್ಲಿ ಅಧಿಕಾರವಿಲ್ಲ ಎಂದಿತು. ಜೊತೆಗೆ, ಎಳವೆಯಲ್ಲೇ ನೋಂದಾಯಿಸಿಕೊಂಡು ಬೇರೆ ಕೆಲಸಕ್ಕೆ ಹೋದವರು ನಲವತ್ತೈದರ ನಂತರವೂ ವೃತ್ತಿಗೆ ಮರಳಬಹುದಾಗಿರುವಾಗ ಹೊಸಬರನ್ನಷ್ಟೇ ತಡೆಯುವುದು ತಾರತಮ್ಯವೆಂದೂ ಕಂಡಿತು.

ಎರಡನೆಯದು 1999ರ ವಿ. ಸುಧೀರ್ ಪ್ರಕರಣ. ನೋಂದಣಿಗೆ ಮುನ್ನ ಒಂದು ವರ್ಷದ ತರಬೇತಿ ಕಡ್ಡಾಯವೆಂದು ಪರಿಷತ್ತು 1995ರಲ್ಲಿ ನಿಯಮ ಮಾಡಿತ್ತು. ತರಬೇತಿ ಒಳ್ಳೆಯದೇ, ನ್ಯಾಯಾಲಯವೂ ಅದನ್ನು ಅಲ್ಲಗಳೆಯಲಿಲ್ಲ. ಆದರೆ ಮೂಲ ಕಾಯ್ದೆಯಲ್ಲಿ ತರಬೇತಿಗೆ ಅವಕಾಶ ಕೊಡುತ್ತಿದ್ದ ಉಪಕಲಮನ್ನು ಸಂಸತ್ತು 1973ರಲ್ಲೇ ತೆಗೆದುಹಾಕಿತ್ತು. ಸಂಸತ್ತು ಮುಂಬಾಗಿಲಿನಿಂದ ಹೊರಗೆ ಕಳಿಸಿದ್ದನ್ನು ಪರಿಷತ್ತು ನಿಯಮದ ಮೂಲಕ ಒಳಗೆ ಕರೆದುಕೊಳ್ಳುವಂತಿಲ್ಲ ಎಂದು ನಿಯಮ ಬಿದ್ದುಹೋಯಿತು.

ಮೂರನೆಯದರಲ್ಲಿ ಪರಿಷತ್ತು ಗೆದ್ದಿತು. ಪರಿಷತ್ತು 2010ರಲ್ಲಿ ಕಡ್ಡಾಯಗೊಳಿಸಿದ ಅಖಿಲ ಭಾರತ ವಕೀಲರ ಪರೀಕ್ಷೆಯನ್ನು ಪ್ರಶ್ನಿಸಿದಾಗ, 2023ರ ಫೆಬ್ರುವರಿಯಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು, ಪರೀಕ್ಷೆ ನಡೆಸಲು 49ನೇ ಕಲಮಿನಲ್ಲಿ ಸಾಕಷ್ಟು ಅಧಿಕಾರವಿದೆ, ಸುಧೀರ್ ತೀರ್ಪು ಪರಿಷತ್ತಿನ ಅಧಿಕಾರವನ್ನು ತೀರ ಕಿರಿದಾಗಿ ಓದಿತ್ತು ಎಂದು ಹೇಳಿತು. ಕಲಮು ಅದೇ, ಪರಿಷತ್ತೂ ಅದೇ. ಓದುವ ಕಣ್ಣು ಬದಲಾದಾಗ ಫಲಿತಾಂಶವೂ ಬದಲಾಯಿತೆಂಬುದನ್ನು ವಿದ್ಯಾರ್ಥಿಯಾಗಿ ತಾವು ಗಮನಿಸಬೇಕು.

ಇನ್ನೊಂದು ಸಣ್ಣ, ಆದರೆ ಬೆಲೆಯುಳ್ಳ ಬೀಗ ಅದೇ ಕಾಯ್ದೆಯಲ್ಲಿದೆ. ವೃತ್ತಿಯ ನಡತೆ ಮತ್ತು ಶಿಷ್ಟಾಚಾರದ ಬಗ್ಗೆ ಪರಿಷತ್ತು ಮಾಡುವ ನಿಯಮಗಳು ಭಾರತದ ಮುಖ್ಯ ನ್ಯಾಯಮೂರ್ತಿಗಳ ಒಪ್ಪಿಗೆಯಿಲ್ಲದೆ ಜಾರಿಗೆ ಬರುವುದಿಲ್ಲ. ವಕೀಲರು ತೊಡಬೇಕಾದ ಉಡುಪಿನ ನಿಯಮಕ್ಕೂ ಇದೇ ಷರತ್ತು. ರಾಜ್ಯ ಪರಿಷತ್ತುಗಳು 28ನೇ ಕಲಮಿನಡಿ ಮಾಡುವ ನಿಯಮಗಳಿಗಾದರೆ ಭಾರತೀಯ ಪರಿಷತ್ತಿನ ಒಪ್ಪಿಗೆ ಬೇಕು. ಪ್ರಶ್ನಿಸಹೊರಟವರು ಮೊದಲು ಹುಡುಕಬೇಕಾದ್ದು ಇಂಥ ಒಪ್ಪಿಗೆಯ ಕಡತವನ್ನು.

ಪ್ರಶ್ನೆ: ನಿಯಮವೊಂದು ಇದೆಯೆಂಬುದೇ ನಮಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ನಿಯಮವನ್ನು ಮುರಿದದ್ದಕ್ಕೆ ದಂಡ ಹಾಕಬಹುದೇ?
– ಅಂಗಡಿ ಮಾಲೀಕರು, ಚಿತ್ರದುರ್ಗ

ಉತ್ತರ: ತಮಗೆ ಗೊತ್ತಿರಲಿಲ್ಲ ಎಂಬುದು ರಕ್ಷಣೆಯಾಗುವುದಿಲ್ಲ, ಯಾರಿಗೂ ಗೊತ್ತಾಗುವಂತೆ ಪ್ರಕಟಿಸಿರಲಿಲ್ಲ ಎಂಬುದು ರಕ್ಷಣೆಯಾಗುತ್ತದೆ. ಇವೆರಡರ ನಡುವಿನ ಅಂತರ ತಿಳಿಯಲು ಜೈಪುರದ ಹಾರ್ಲಾ ಎಂಬವರ ಪ್ರಕರಣವನ್ನು ನೋಡಬೇಕು. ಮಹಾರಾಜರು ಅಪ್ರಾಪ್ತರಾಗಿದ್ದ ಕಾಲದಲ್ಲಿ ಆ ಸಂಸ್ಥಾನದ ಆಡಳಿತ ನಡೆಸುತ್ತಿದ್ದದ್ದು ಒಂದು ಮಂತ್ರಿ ಪರಿಷತ್ತು. 1923ರ ಡಿಸೆಂಬರ್ 11ರಂದು ಆ ಪರಿಷತ್ತು ಒಂದು ಠರಾವು ಮಾಡಿ ಜೈಪುರ ಅಫೀಮು ಕಾಯ್ದೆಯನ್ನು ಜಾರಿಗೊಳಿಸಿದೆ ಎಂದುಕೊಂಡಿತು. ಅದನ್ನು ರಾಜ್ಯಪತ್ರದಲ್ಲಿ ಅಚ್ಚು ಹಾಕಿಸಲಿಲ್ಲ, ಡಂಗುರ ಸಾರಿಸಲಿಲ್ಲ, ಬೇರೆ ಯಾವ ಬಗೆಯಲ್ಲೂ ಜನರಿಗೆ ತಿಳಿಸಲಿಲ್ಲ. ಆ ಕಾಯ್ದೆಯಡಿ ಹಾರ್ಲಾ ಅವರಿಗೆ ಬಿದ್ದ ದಂಡ ₹50. ಸಣ್ಣ ಮೊತ್ತವೆಂದು ಅವರು ಸುಮ್ಮನಾಗಲಿಲ್ಲ. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಬಾಗಿಲು ಮುಚ್ಚಿದ ಕೊಠಡಿಯಲ್ಲಿ ಅಂಗೀಕರಿಸಿದ ಠರಾವು, ಪ್ರಕಟಣೆಯಿಲ್ಲದೆ ಪ್ರಜೆಗಳನ್ನು ಶಿಕ್ಷಿಸುವ ಕಾನೂನಾಗಲಾರದು ಎಂದು ನ್ಯಾಯಮೂರ್ತಿ ವಿವಿಯನ್ ಬೋಸ್ 1951ರಲ್ಲಿ ಬರೆದರು, ಶಿಕ್ಷೆ ರದ್ದಾಯಿತು.

ನಮ್ಮ ರಾಜ್ಯದ ಪ್ರಕರಣವೊಂದರಲ್ಲಿಯೂ ಇದೇ ತತ್ವ ಬಂದಿದೆ. ಬೆಂಗಳೂರಿನ ಬಹುಮಹಡಿ ಕಟ್ಟಡಗಳ ವಿವಾದದಿಂದ ಹುಟ್ಟಿದ 1987ರ ಬಿ.ಕೆ. ಶ್ರೀನಿವಾಸನ್ ಪ್ರಕರಣದಲ್ಲಿ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಅವರು, ಶಾಸನಸಭೆಯ ಕಾಯ್ದೆ ಬಹಿರಂಗ ಚರ್ಚೆಯಲ್ಲಿ ರೂಪುಗೊಳ್ಳುತ್ತದೆ, ಅಧೀನ ಶಾಸನವಾದರೋ ಯಾರ ಕಣ್ಣಿಗೂ ಬೀಳದೆ ಒಳಕೋಣೆಯಲ್ಲಿ ತಯಾರಾಗಬಹುದು, ಆದ್ದರಿಂದ ಕಾಯ್ದೆ ಹೇಳಲಿ ಬಿಡಲಿ ಅದನ್ನು ಸೂಕ್ತ ರೀತಿಯಲ್ಲಿ ಪ್ರಕಟಿಸಲೇಬೇಕು ಎಂಬ ನಿಲುವು ತಳೆದರು. ಆ ಪ್ರಕರಣದ ವಾಸ್ತವಾಂಶಗಳಲ್ಲಿ ಪ್ರಕಟಣೆ ಸಾಕಷ್ಟಾಗಿತ್ತೆಂದು ತೀರ್ಮಾನವಾಯಿತು, ಅದು ಬೇರೆ ಮಾತು. ತಮ್ಮ ವಿಷಯದಲ್ಲಿ, ದಂಡದ ನೋಟಿಸಿನಲ್ಲಿ ಅಧಿಸೂಚನೆಯ ಸಂಖ್ಯೆ ಮತ್ತು ದಿನಾಂಕ ಇದೆಯೇ ನೋಡಿ; ಇಲ್ಲದಿದ್ದರೆ ಮಾಹಿತಿ ಹಕ್ಕಿನ ಅರ್ಜಿಯಲ್ಲಿ ರಾಜ್ಯಪತ್ರದ ಪ್ರತಿಯನ್ನು ಕೇಳಿ.

ಪ್ರಶ್ನೆ: ಉತ್ತರಪತ್ರಿಕೆಯ ಮರುಮೌಲ್ಯಮಾಪನಕ್ಕೆ ಅವಕಾಶವೇ ಇಲ್ಲವೆಂದು ಪರೀಕ್ಷಾ ಮಂಡಳಿಯೊಂದು ನಿಯಮ ಮಾಡಿದರೆ ಅದು ಅನ್ಯಾಯವಲ್ಲವೇ? ನ್ಯಾಯಾಲಯ ಅದನ್ನು ರದ್ದುಮಾಡುವುದಿಲ್ಲವೇ?
– ಪೋಷಕರು, ಧಾರವಾಡ

ಉತ್ತರ: ಅನ್ಯಾಯವೆನಿಸುವುದು ಬೇರೆ, ಅಸಿಂಧುವಾಗುವುದು ಬೇರೆ. ಮಹಾರಾಷ್ಟ್ರದ ಪರೀಕ್ಷಾ ಮಂಡಳಿಯ ಇಂಥದೇ ವಿನಿಯಮವನ್ನು ಬಾಂಬೆ ಹೈಕೋರ್ಟು ರದ್ದುಮಾಡಿತ್ತು. 1984ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ವಿನಿಯಮ ಮೂಲ ಕಾಯ್ದೆಯ ಉದ್ದೇಶಕ್ಕೆ ಹೊಂದಿಕೊಂಡಿದ್ದರೆ ಸಾಕು, ಅದಕ್ಕಿಂತ ಜಾಣ ನಿಯಮವೊಂದನ್ನು ಮಾಡಬಹುದಿತ್ತೇ ಎಂದು ನೋಡುವುದು ನ್ಯಾಯಾಲಯದ ಕೆಲಸವಲ್ಲ ಎಂಬುದು ಅದರ ನಿಲುವು. ಮೇಲ್ನೋಟಕ್ಕೇ ಕಾಣುವಷ್ಟು ಸ್ವೇಚ್ಛೆಯ ನಿಯಮವಾದರೆ ಮಾತ್ರ ಬಾಗಿಲು ತೆರೆದಿದೆ. ಆ ಮಟ್ಟ ಮುಟ್ಟುವುದು ಸುಲಭವಲ್ಲ.

ಪ್ರಶ್ನೆ: ಜಿಎಸ್‌ಟಿ ಪರಿಷತ್ತು ದರ ನಿರ್ಧರಿಸಿದರೆ ಸಂಸತ್ತೂ ವಿಧಾನಸಭೆಯೂ ಒಪ್ಪಲೇಬೇಕೇ?
– ವ್ಯಾಪಾರಿ, ದಾವಣಗೆರೆ

ಉತ್ತರ: ಒಪ್ಪಲೇಬೇಕೆಂದಿಲ್ಲ. ಸಂವಿಧಾನದ 279ಎ ವಿಧಿಯಂತೆ ಆ ಪರಿಷತ್ತು ಮಾಡುವುದು ಶಿಫಾರಸು. ಮತಗಳ ತೂಕದಲ್ಲಿ ಮೂರನೇ ಒಂದು ಭಾಗ ಕೇಂದ್ರದ್ದು, ಮೂರನೇ ಎರಡು ಭಾಗ ಎಲ್ಲ ರಾಜ್ಯಗಳದ್ದು, ತೀರ್ಮಾನಕ್ಕೆ ನಾಲ್ಕನೇ ಮೂರರಷ್ಟು ಬಹುಮತ ಬೇಕು; ಎಂದರೆ ಕೇಂದ್ರ ಬೇಡವೆಂದರೆ ಯಾವುದೂ ಆಗದು. 2022ರ ಮೇ ತಿಂಗಳಿನಲ್ಲಿ ಮೋಹಿತ್ ಮಿನರಲ್ಸ್ ಪ್ರಕರಣದ ತೀರ್ಪು ಬಂದು, ಈ ಶಿಫಾರಸುಗಳು ಶಾಸನಸಭೆಗಳ ಕೈ ಕಟ್ಟುವುದಿಲ್ಲ, ಅವುಗಳಿಗಿರುವುದು ಮನವೊಲಿಸುವ ಬೆಲೆ ಎಂದಿತು. ಆದರೆ ಪರಿಷತ್ತಿನ ಶಿಫಾರಸಿನ ಮೇರೆಗೆ ನಿಯಮ ಮಾಡಬೇಕೆಂದು ಜಿಎಸ್‌ಟಿ ಕಾಯ್ದೆಯೇ ಹೇಳಿರುವ ಕಡೆ, ಅಧಿಸೂಚನೆ ಹೊರಡಿಸುವ ಸರ್ಕಾರಕ್ಕೆ ಆ ಶಿಫಾರಸು ಬಂಧಕ. ತಮ್ಮ ದಿನನಿತ್ಯದ ದರಪಟ್ಟಿ ಬರುವುದು ಇಂಥ ಅಧಿಸೂಚನೆಗಳಿಂದ. ಹಾಗಾಗಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮಟ್ಟಿಗೆ ತೀರ್ಪಿನಿಂದ ಹೆಚ್ಚಿನ ವ್ಯತ್ಯಾಸವಾಗಿಲ್ಲ.

ಪ್ರಶ್ನೆ: ನಿಯಮಗಳನ್ನು ಸದನದಲ್ಲಿ ಮಂಡಿಸಬೇಕು ಎಂದು ಪ್ರತಿ ಕಾಯ್ದೆಯ ಕೊನೆಯಲ್ಲೂ ಓದುತ್ತೇನೆ. ಅದರಿಂದ ಏನಾದರೂ ಆಗುತ್ತದೆಯೇ?
– ಗ್ರಂಥಪಾಲಕರು, ತುಮಕೂರು

ಉತ್ತರ: ಆಗಬೇಕಾದಷ್ಟು ಆಗುತ್ತಿಲ್ಲವೆಂಬುದೇ ನನ್ನ ಅನಿಸಿಕೆ. ಕೇಂದ್ರದ ಕಾಯ್ದೆಗಳಲ್ಲಿ ಸಾಮಾನ್ಯವಾಗಿ ನಿಯಮವನ್ನು ಎರಡೂ ಸದನಗಳ ಮುಂದೆ ಒಟ್ಟು 30 ದಿನ ಇಡಬೇಕೆಂದೂ, ಎರಡೂ ಸದನಗಳು ಒಪ್ಪಿದರೆ ಅದನ್ನು ಮಾರ್ಪಡಿಸಬಹುದು ಇಲ್ಲವೇ ರದ್ದುಮಾಡಬಹುದೆಂದೂ ಇರುತ್ತದೆ. ನಿಯಮ ಮಾತ್ರ ಅಷ್ಟರಲ್ಲಿ ಜಾರಿಯಲ್ಲಿಯೇ ಇರುತ್ತದೆ. ಮಂಡಿಸಲು ಮರೆತರೆ ಏನು? ಹರಿಯಾಣದ ಅಟ್ಲಾಸ್ ಸೈಕಲ್ ಪ್ರಕರಣದಲ್ಲಿ, 1979ರಲ್ಲಿ, ಇಂಥ ಮಂಡನೆ ನಿರ್ದೇಶನ ಸ್ವರೂಪದ್ದು, ಕಡ್ಡಾಯವಲ್ಲ, ಅದು ನಡೆಯದ ಮಾತ್ರಕ್ಕೆ ಆದೇಶ ಅಸಿಂಧುವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಮೇಜಿನ ಮೇಲೆ ಬಂದು ಬೀಳುವ ಕಾಗದದ ಕಟ್ಟುಗಳನ್ನು ಎಷ್ಟು ಸದಸ್ಯರು ಬಿಚ್ಚಿ ನೋಡುತ್ತಾರೆ ಎಂಬುದನ್ನು ತಾವೇ ಊಹಿಸಿಕೊಳ್ಳಿ.

ಆ ಕೊರತೆಯನ್ನು ಸ್ವಲ್ಪ ತುಂಬುವುದು ಸಮಿತಿಗಳು. ಲೋಕಸಭೆಯ ಅಧೀನ ಶಾಸನ ಸಮಿತಿ 1953ರಲ್ಲಿ, ಮಾವಳಂಕರ್ ಅವರು ಸಭಾಧ್ಯಕ್ಷರಾಗಿದ್ದಾಗ ರಚನೆಯಾಯಿತು. 15 ಸದಸ್ಯರಿರುವ ಅದಕ್ಕೆ ಸಚಿವರನ್ನು ನೇಮಿಸುವಂತಿಲ್ಲ. ನಿಯಮ ಕಾಯ್ದೆಯ ಆಶಯಕ್ಕೆ ಹೊಂದುತ್ತದೆಯೇ, ಹಿಂದಿನ ದಿನಾಂಕದಿಂದ ಜಾರಿಯಾಗುತ್ತಿದೆಯೇ, ತೆರಿಗೆಯ ಸ್ವರೂಪದ ವಸೂಲಿ ಇದೆಯೇ, ನ್ಯಾಯಾಲಯದ ದಾರಿಯನ್ನು ಮುಚ್ಚುತ್ತಿದೆಯೇ ಎಂಬುದನ್ನೆಲ್ಲ ಅದು ನೋಡುತ್ತದೆ. ನಮ್ಮ ವಿಧಾನಮಂಡಲದಲ್ಲಿಯೂ ಅಧೀನ ಶಾಸನ ಸಮಿತಿ ಇದೆ. ನಿಯಮವೊಂದರ ದೋಷವನ್ನು ಕಲಮು ಸಹಿತ ವಿವರಿಸಿ ಸಾಮಾನ್ಯ ನಾಗರಿಕರೂ ಇಂಥ ಸಮಿತಿಗೆ ಪತ್ರ ಬರೆಯಬಹುದು.

ನನಗೆ ಇದಕ್ಕಿಂತ ಮುಖ್ಯವೆನಿಸುವುದು ನಿಯಮ ಹುಟ್ಟುವ ಮೊದಲಿನ ಹಂತ. ಹಾಸನದ ಓದುಗರ ಮಗನ ಹಣವನ್ನೇ ನೋಡಿ: ತೀರ್ಪು ಬಂದಾಗ ಕಟ್ಟಿದವರು ಕಟ್ಟಿಯಾಗಿತ್ತು. ಕರಡನ್ನು ಮೊದಲೇ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕೆಂಬ ಷರತ್ತು ಮೂಲ ಕಾಯ್ದೆಯಲ್ಲಿದ್ದರೆ ಮಾತ್ರ, ಆ ಪ್ರಕಟಣೆಯ ಕ್ರಮವನ್ನು ಹೇಳುವ 1897ರ ಸಾಮಾನ್ಯ ಖಂಡಗಳ ಕಾಯ್ದೆಯ 23ನೇ ಕಲಮು ಅನ್ವಯಿಸುತ್ತದೆ. ಕರಡನ್ನು 30 ದಿನ ಸಾರ್ವಜನಿಕರ ಮುಂದಿಡಬೇಕೆಂಬ ಕೇಂದ್ರದ 2014ರ ಸಮಾಲೋಚನಾ ನೀತಿ ಕೇವಲ ನೀತಿ, ಕಾನೂನಲ್ಲ. ಕರೆ ಕಡಿತವಾದಾಗಲೆಲ್ಲ ಗ್ರಾಹಕರಿಗೆ ₹1ರಂತೆ, ದಿನಕ್ಕೆ ₹3ರವರೆಗೆ ಕೊಡಬೇಕೆಂದಿದ್ದ ದೂರಸಂಪರ್ಕ ಪ್ರಾಧಿಕಾರದ ವಿನಿಯಮವನ್ನು 2016ರಲ್ಲಿ ರದ್ದುಮಾಡುತ್ತ ನ್ಯಾಯಮೂರ್ತಿ ರೋಹಿಂಟನ್ ನಾರಿಮನ್ ಅವರು, ಅಧೀನ ಶಾಸನಕ್ಕೆ ಮುನ್ನ ಸಮಾಲೋಚನೆಯನ್ನು ಕಡ್ಡಾಯಗೊಳಿಸುವ ಕಾಯ್ದೆಯನ್ನು ಅಮೆರಿಕದ ಮಾದರಿಯಲ್ಲಿ ಸಂಸತ್ತು ತರಬೇಕೆಂದು ಸಲಹೆ ನೀಡಿದ್ದರು. ಅಂಥ ಸಾಮಾನ್ಯ ಕಾಯ್ದೆಯನ್ನು ಸಂಸತ್ತು ಇನ್ನೂ ಮಾಡಿಲ್ಲ.

ಪ್ರಶ್ನೆ: ನಮ್ಮ ಗೃಹನಿರ್ಮಾಣ ಸಹಕಾರ ಸಂಘದ ಬೈಲಾವನ್ನೂ ಹೀಗೆ ಹೈಕೋರ್ಟಿನಲ್ಲಿ ಪ್ರಶ್ನಿಸಬಹುದೇ?
– ಸಂಘದ ಸದಸ್ಯರು, ಮೈಸೂರು

ಉತ್ತರ: ಅದು ಬೇರೆ ಜಾತಿಯದು. ಸಹಕಾರ ಸಂಘದ ಬೈಲಾ ಸದಸ್ಯರು ತಮ್ಮೊಳಗೆ ಮಾಡಿಕೊಂಡ ಕಟ್ಟಳೆಯೇ ಹೊರತು ಅದಕ್ಕೆ ಶಾಸನದ ಬಲವಿಲ್ಲವೆಂದು ಸುಪ್ರೀಂ ಕೋರ್ಟು ಬಹು ಹಿಂದೆಯೇ ಹೇಳಿದೆ. ತಮ್ಮ ದಾರಿ ಸಹಕಾರ ಕಾಯ್ದೆಯಡಿಯ ವಿವಾದ ಅಥವಾ ನಿಬಂಧಕರಿಗೆ ದೂರು.

ಪ್ರಶ್ನೆ: ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಮಾಡಿದ ವಿನಿಯಮವೊಂದು ನಮ್ಮಂಥ ಸಣ್ಣ ಸೌರ ಘಟಕದವರಿಗೆ ಹೊರೆಯಾಗಿದೆ. ದೆಹಲಿಯ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕೇ?
– ಉದ್ಯಮಿ, ವಿಜಯಪುರ

ಉತ್ತರ: ಪ್ರಶ್ನಿಸಬೇಕಾದ್ದು ವಿನಿಯಮವನ್ನೇ ಆದರೆ ದೆಹಲಿಗೆ ಹೋಗಿ ಪ್ರಯೋಜನವಿಲ್ಲ. ಆಯೋಗದ ಆದೇಶಗಳ ವಿರುದ್ಧ ಮೇಲ್ಮನವಿಯನ್ನು ಆ ನ್ಯಾಯಮಂಡಳಿ ಕೇಳಬಹುದು. ವಿನಿಯಮದ ಸಿಂಧುತ್ವವನ್ನು ನೋಡುವ ಅಧಿಕಾರ ಅದಕ್ಕಿಲ್ಲವೆಂದು 2010ರಲ್ಲಿ ಪಿಟಿಸಿ ಇಂಡಿಯಾ ಪ್ರಕರಣದಲ್ಲಿ ಐವರ ಪೀಠ ತೀರ್ಮಾನಿಸಿದೆ. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬೇಕು. ತಮ್ಮ ಜಿಲ್ಲೆಗೆ ಅದು ಕಲಬುರಗಿ ಪೀಠ. ಅದಕ್ಕೆ ಮುನ್ನ ಎರಡು ದಾಖಲೆಗಳನ್ನು ತರಿಸಿಕೊಳ್ಳಿ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 181ನೇ ಕಲಮಿನಂತೆ ರಾಜ್ಯ ಆಯೋಗದ ವಿನಿಯಮಕ್ಕೆ ಕರಡಿನ ಪೂರ್ವಪ್ರಕಟಣೆ ಕಡ್ಡಾಯ, 182ನೇ ಕಲಮಿನಂತೆ ಅದನ್ನು ರಾಜ್ಯ ವಿಧಾನಮಂಡಲದಲ್ಲಿ ಮಂಡಿಸಬೇಕು. ಮಂಡನೆಯ ಲೋಪ ತಮಗೆ ಹೆಚ್ಚು ನೆರವಾಗದಿದ್ದರೂ, ಕರಡಿನ ಪ್ರಕಟಣೆಯಲ್ಲಿ ಅಥವಾ ಬಂದ ಆಕ್ಷೇಪಣೆಗಳ ಪರಿಶೀಲನೆಯಲ್ಲಿ ಲೋಪವಿದ್ದರೆ ಅದು ಗಟ್ಟಿಯಾದ ಆಧಾರ. ಕರಡು ಬಂದ ಕಾಲದಲ್ಲಿ ತಾವು ಅಥವಾ ತಮ್ಮ ಸಂಘ ಆಕ್ಷೇಪಣೆ ಸಲ್ಲಿಸಿದ್ದರೆ ಅದರ ಸ್ವೀಕೃತಿ ಪತ್ರವನ್ನೂ ಅರ್ಜಿಗೆ ಲಗತ್ತಿಸಿ.